ಹಳ್ಳದ ಕರೆಂಟು, ನಾಲ್ಕು ಮನೆಯ ಲೆಕ್ಕ

20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಪೈಪಿನಲ್ಲಿ ಇಳಿದರೆ, ಸಣ್ಣ ಟರ್ಬೈನಿನ ನಷ್ಟವೆಲ್ಲ ಕಳೆದು ಹತ್ತಿರಹತ್ತಿರ 1 ಕಿಲೋವ್ಯಾಟ್ ಕೈಗೆ ಸಿಗುತ್ತದೆ. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್‌ನ ಸಹಾಯಧನದ ನೆರವಿನಿಂದ ಮಲೆನಾಡಿನ ಎಷ್ಟೋ ತೋಟಗಳಲ್ಲಿ ಇಂಥ ಪಿಕೋ, ಅಂದರೆ ಪುಟ್ಟ ಜಲವಿದ್ಯುತ್ ಘಟಕಗಳು ಬಂದಿವೆ. ನಮ್ಮದನ್ನು ಹಳ್ಳದ ಆಚೀಚಿನ ನಾಲ್ಕು ಮನೆ, ಒಂದು ಹೋಂಸ್ಟೇ ಸೇರಿ ಹಾಕಿಕೊಂಡೆವು.

ಮಳೆಗಾಲದಲ್ಲಿ ಹಗಲೂ ರಾತ್ರಿಯೂ ನೀರು ಹರಿಯುತ್ತದೆ, ದಿನಕ್ಕೆ 24 ಯೂನಿಟ್. ಎಲ್ಲರಿಗೂ ಧಾರಾಳ. ಆದರೆ ಸಂಜೆ ಏಳಕ್ಕೆ ಎರಡು ಮನೆಯಲ್ಲಿ ಒಟ್ಟಿಗೆ ಮಿಕ್ಸಿ ತಿರುಗಿದರೆ ಮೂರನೆಯ ಮನೆಯ ಬಲ್ಬು ಮಂಕಾಗುತ್ತದೆ. ನಡುರಾತ್ರಿ ಅದೇ ಕರೆಂಟನ್ನು ಕೇಳುವವರಿಲ್ಲ. ಕೊರತೆ ಯೂನಿಟ್ಟಿನದಲ್ಲ, ಸಂಜೆಯ ಹೊತ್ತಿನದು ಎಂದು ಅರ್ಥವಾದ ಮೇಲೆ ಮಳೆಗಾಲದಲ್ಲಿ ಮೀಟರ್ ನೋಡಿ ದುಡ್ಡು ಹಂಚುವುದನ್ನು ಬಿಟ್ಟೆವು. ಎಲ್ಲರಿಗೂ ಸಮ ಚಂದಾ, ರುಬ್ಬುವುದಕ್ಕೆ ಮಾತ್ರ ಸರದಿ. "ಅಕ್ಕಾ, ನಮ್ಮದು ಆಯ್ತು, ನೀವು ಹಾಕ್ಕೊಳ್ಳಿ" ಎಂದು ಬೇಲಿಯಾಚೆಯಿಂದ ಒಂದು ಕೂಗು ಬಂದರೆ ಸಾಕು.

ರಾತ್ರಿ ಉಳಿಯುವ ಕರೆಂಟನ್ನು ಲೋಡ್ ಕಂಟ್ರೋಲರ್ ಹೀಟರಿಗೆ ತಿರುಗಿಸುತ್ತದೆ; ಇಲ್ಲದಿದ್ದರೆ ಟರ್ಬೈನ್ ಹದ ತಪ್ಪಿ ಓಡೀತು. ಆ ಹೀಟರನ್ನು ಹೋಂಸ್ಟೇಯ ನೀರಿನ ತೊಟ್ಟಿಯಲ್ಲಿ ಇಳಿಸಿದ್ದೇವೆ. ಬೆಳಗ್ಗೆ ಅತಿಥಿಗಳ ಸ್ನಾನಕ್ಕೆ ನೀರು ಬೆಚ್ಚಗಿರುತ್ತದೆ, ಒಲೆಗೆ ಹಾಕುವ ಸೌದೆ ಉಳಿಯುತ್ತದೆ. ಕೂಡಿಟ್ಟ ಕರೆಂಟಿನಲ್ಲಿ ಇದಕ್ಕಿಂತ ಅಗ್ಗದ್ದು ನನಗಂತೂ ಗೊತ್ತಿಲ್ಲ.

ಜನವರಿ ಕಳೆಯುತ್ತಿದ್ದಂತೆ ಹಳ್ಳ ಸೊರಗುತ್ತದೆ. ಆಗ ಹೋಂಸ್ಟೇ ಮಾಡಿನ ಮೇಲಿನ ಸೋಲಾರ್ ಫಲಕಗಳೇ ಗತಿ. ಜುಲೈನಲ್ಲಿ ಮೋಡ ಕವಿದು ಅವು ಮಲಗಿದಾಗ ಹಳ್ಳ ಹೋಂಸ್ಟೇಯವರನ್ನು ಸಾಕುತ್ತದೆ, ಬೇಸಿಗೆಯಲ್ಲಿ ಅವರ ಬಿಸಿಲು ನಮ್ಮ ಮನೆ ಬೆಳಗುತ್ತದೆ. ಈ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಎರಡೂ ಕಡೆಯವರು ಅರ್ಧ ವರ್ಷ ಕತ್ತಲಲ್ಲಿರುತ್ತಿದ್ದೆವು. ಬೇಸಿಗೆಯ ಕರೆಂಟು ಸೋಲಾರ್ ತುಂಬಿಸಿದ ಬ್ಯಾಟರಿಯಿಂದ ಬರುವುದರಿಂದ, ಒಬ್ಬರು ಬಳಸಿದ್ದು ಇನ್ನೊಬ್ಬರಿಗೆ ಉಳಿಯದು; ಆಗ ಯೂನಿಟ್ ಲೆಕ್ಕವೇ ನ್ಯಾಯ. ಫೆಬ್ರವರಿಯಿಂದ ಮೀಟರ್ ಓದುತ್ತೇವೆ. 12 ವೋಲ್ಟಿನ, 150 ಆಂಪಿಯರ್ ಅವರ್‌ನ ನಾಲ್ಕು ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ ಹಿಡಿಯುವುದು 7.2 ಯೂನಿಟ್. ಬಾಳಿಕೆ ಬೇಕೆಂದರೆ ಅದರಲ್ಲಿ ಅರ್ಧ ಮಾತ್ರ ತೆಗೆಯಬೇಕು. ಅದಕ್ಕೇ ಬೇಸಿಗೆಯಲ್ಲಿ ದೀಪ, ಫೋನು, ಒಂದೊಂದು ಫ್ಯಾನು, ಅಷ್ಟೇ.

ಬ್ಯಾಟರಿಗಳನ್ನು ಎಲ್ಲಿಡಬೇಕೆಂದು ಬಹಳ ಚರ್ಚೆಯಾಯಿತು. ತಂತಿ ಉಳಿಸಲು ನಡುವಿನ ಮನೆಯೇ ಸರಿ ಎಂದರು ಕೆಲವರು. ನಾನು ಹೋಂಸ್ಟೇ ಎಂದೆ, ಅಲ್ಲಿ ಗಾಳಿಯಾಡುವ ಕೋಣೆಯಿದೆ, ಡಿಸ್ಟಿಲ್ಡ್ ವಾಟರ್ ಇಳಿದಿದೆಯೇ ಎಂದು ನೋಡಲು ಆಳಿದ್ದಾನೆ. ನೋಡಿಕೊಳ್ಳುವವರು ಎಲ್ಲಿದ್ದಾರೋ ಬ್ಯಾಟರಿ ಅಲ್ಲೇ ಇರಲಿ ಎಂಬುದು ಇವತ್ತಿಗೂ ನನ್ನ ಗಟ್ಟಿ ಅಭಿಪ್ರಾಯ.

ಯೂನಿಟ್ ದುಡ್ಡೆಲ್ಲ ಹೊಸ ಬ್ಯಾಟರಿಯ ನಿಧಿಗೆ ಹೋಗುತ್ತದೆ. ಈಗಿನವು ಸೋತ ಮೇಲೆ ಲಿಥಿಯಂ ಐರನ್ ಫಾಸ್ಫೇಟ್ ತರುವುದೆಂದು ತೀರ್ಮಾನವಾಗಿದೆ. ವ್ಯಾಪಾರಕ್ಕೆ ಬಳಸುವವರಾದ್ದರಿಂದ ಅದರ ಖರ್ಚಿನಲ್ಲಿ ಹೋಂಸ್ಟೇಯವರದು ಎರಡು ಪಾಲು.