ನಮ್ಮೂರ ಕಡೆ ರೈಟರ್ ಅಂದ್ರೆ ಬೇರೆ

ಮೂಡಿಗೆರೆ, ಕಳಸದ ಕಡೆ ಹೋಗಿ ‘ನಾನು ರೈಟರ್ ಆಗ್ಬೇಕು ಅಂತಿದೀನಿ’ ಅಂದ್ರೆ ಜನ ‘ಯಾವ ಎಸ್ಟೇಟಲ್ಲಿ?’ ಅಂತ ಕೇಳ್ತಾರೆ. ತಮಾಷೆಗೆ ಹೇಳ್ತಿಲ್ಲ. ಕಾಫಿ ತೋಟಗಳಲ್ಲಿ ರೈಟರ್ ಅನ್ನೋದು ಒಂದು ಕೆಲಸ. ಬೆಳಿಗ್ಗೆ ಆಳುಗಳ ಹಾಜರಿ ಬರೆಯೋದು, ಯಾರನ್ನ ಯಾವ ಕೆಲಸಕ್ಕೆ ಹಾಕಿದೆ ಅಂತ ಬರೆಯೋದು, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಕ ಹಾಕಿಸಿ ಯಾರದ್ದು ಎಷ್ಟು ಕೆಜಿ ಅಂತ ಬರೆಯೋದು. ಆ ಪುಸ್ತಕಕ್ಕೆ ಚೆಕ್‌ರೋಲ್ ಅಂತಾರೆ. ನನ್ನ ದೊಡ್ಡಪ್ಪ ಬಹಳ ವರ್ಷ ಈ ಕೆಲಸ ಮಾಡಿದ್ರು. ತೋಟದವರೆಲ್ಲ ಅವರನ್ನ ಕರೀತಿದ್ದದ್ದು ‘ರೈಟ್ರೇ’ ಅಂತಲೇ. ಅವರ ನಿಜವಾದ ಹೆಸರು ಲೈನ್ ಮನೆಯ ಮಕ್ಕಳಿಗೆ ಗೊತ್ತಿತ್ತೋ ಇಲ್ಲವೋ.

ನಮ್ಮ ಕನ್ನಡ ಕ್ಲಬ್ಬಿನಲ್ಲಿ ಈ ವರ್ಷ ಜಾಸ್ತಿ ಕೇಳಿಬಂದ ಪ್ರಶ್ನೆ ‘ಬರೆಯೋಕೆ ಆಸೆ ಇದೆ, ಎಲ್ಲಿಂದ ಶುರು ಮಾಡ್ಲಿ?’ ಅನ್ನೋದು. ಅದರ ಹಿಂದೇನೇ ಇನ್ನೊಂದು ಬರತ್ತೆ: ‘ನಾನು ಇಂಗ್ಲಿಷ್ ಮೀಡಿಯಂ, ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ.’ ನಾನೂ ಇಂಗ್ಲಿಷ್ ಮೀಡಿಯಮ್ಮೇ, ಆದ್ದರಿಂದ ಪಂಡಿತರ ಥರ ಪಾಠ ಮಾಡೋ ಅರ್ಹತೆ ನನಗಿಲ್ಲ. ಆದ್ರೆ ಕಾಫಿ ಗುಡ್ಡದ ಆ ರೈಟರ್ ಕೆಲಸದಲ್ಲೇ ಈ ಎರಡೂ ಪ್ರಶ್ನೆಗೆ ಉತ್ತರ ಇದೆ ಅಂತ ನನಗನ್ನಿಸತ್ತೆ.

ಚೆಕ್‌ರೋಲ್ ಬರೆಯೋನಿಗೆ ಮೂಡ್ ಬರಬೇಕಾಗಿಲ್ಲ. ಮಳೆ ಇರಲಿ, ಜ್ವರ ಇರಲಿ, ಆ ದಿನದ್ದು ಆ ದಿನವೇ ಬರೀಬೇಕು. ‘ಕೆಲಸ ನಡೀತು’ ಅಂತ ಬರೆದ್ರೆ ನಡೆಯಲ್ಲ. ಮರಗಸಿಯೋ, ಚಿಗುರು ತೆಗೆದದ್ದೋ, ಕಾಂಡಕೊರಕ ಹಿಡಿದ ಗಿಡ ಕಿತ್ತದ್ದೋ ಅಂತ ಹೆಸರು ಹಿಡಿದು ಬರೀಬೇಕು. ಇನ್ನು ಮಳೆ. ನಮ್ಮ ಕಡೆ ಮಳೆಯನ್ನ ಇವತ್ತಿಗೂ ಇಂಚು, ಸೆಂಟಲ್ಲೇ ಅಳೀತಾರೆ. ಒಂದು ಇಂಚಿಗೆ ನೂರು ಸೆಂಟ್. ಮಳೆ ನಿಂತ ಮೇಲೆ ಫೋನ್ ಮಾಡಿದ್ರೆ ಮೊದಲ ಮಾತು ‘ನಿಮ್ಮಲ್ಲಿ ಎಷ್ಟು ಸೆಂಟಾಯ್ತು?’ ಅಂತ. ಒಂದು ಗುಡ್ಡದ ಈ ಕಡೆ ಎಪ್ಪತ್ತು ಸೆಂಟ್, ಆ ಕಡೆ ಹತ್ತು. ‘ಮಲೆನಾಡಲ್ಲಿ ಧಾರಾಕಾರ ಮಳೆ’ ಅಂತ ನಾವು ಪ್ರಬಂಧದಲ್ಲಿ ಬರೀತೀವಲ್ಲ, ಅದನ್ನ ತೋರಿಸಿದ್ರೆ ದೊಡ್ಡಪ್ಪ ‘ಎಷ್ಟು ಸೆಂಟ್ ಅಂತ ಬರೀಲಿಲ್ವಲ್ಲೋ?’ ಅಂತ ಕೇಳ್ತಾರೆ.

ಇದೇ ಮೂಡಿಗೆರೆಯಲ್ಲಿ ಕೂತು ಬರೆದ ಇನ್ನೊಬ್ಬರು ಪೂರ್ಣಚಂದ್ರ ತೇಜಸ್ವಿ. 1938ರಲ್ಲಿ ಹುಟ್ಟಿ, ಮೈಸೂರಲ್ಲಿ ಕನ್ನಡ ಎಂಎ ಮಾಡಿ, ಮೇಷ್ಟರ ಕೆಲಸಕ್ಕೆ ಹೋಗದೆ ಕಾಫಿ ತೋಟ ಮಾಡೋಕೆ ಇಲ್ಲಿಗೆ ಬಂದ್ರು. 2007ರಲ್ಲಿ ತೀರಿಕೊಳ್ಳೋ ತನಕ ಇಲ್ಲೇ ಇದ್ರು. ತೋಟದ ಹೆಸರು ‘ನಿರುತ್ತರ’. ಹಾಸ್ಟೆಲಲ್ಲಿ ಅವರನ್ನ ಓದಿರೋರು ಬೇಕಾದಷ್ಟು ಜನ ಇದಾರೆ. ಆದ್ರೆ ಬಹಳ ಜನ ಓದಿ ‘ಕಾಡು ಎಷ್ಟು ಚೆನ್ನಾಗಿದೆ’ ಅಂತ ಹೇಳಿ ಟ್ರೆಕ್ಕಿಂಗ್ ಪ್ಲಾನ್ ಮಾಡ್ತಾರೆ. ನಾನು ಹೇಳೋದು, ಬರೆಯೋ ಆಸೆ ಇರೋರು ಅವರನ್ನ ಬೇರೆ ಥರ ಓದ್ಬೇಕು. ಬೈಕ್ ಬಿಚ್ಚೋ ಮೆಕ್ಯಾನಿಕ್ ಪಕ್ಕ ನಿಂತು ನೋಡ್ತೀವಲ್ಲ, ಆ ಥರ.

‘ಕರ್ವಾಲೊ’ ತಗೊಳ್ಳಿ. 1980ರ ಕಾದಂಬರಿ. ಎಲ್ಲರೂ ಹಾರುವ ಓತಿಯನ್ನ ನೆನಪಿಟ್ಕೋತಾರೆ. ಆದ್ರೆ ಓತಿ ಬರೋದಕ್ಕೆ ಮುಂಚೆ ಏನೇನಿದೆ ನೋಡಿ. ಜೇನುತುಪ್ಪ, ಮಂದಣ್ಣ, ಅವನ ಮದುವೆ ಗಲಾಟೆ, ನಾಯಿ ಕಿವಿ, ತೋಟದ ತಾಪತ್ರಯ. ಓದೋನಿಗೆ ವಿಜ್ಞಾನದ ಪಾಠ ಅಂತ ಎಲ್ಲೂ ಅನ್ನಿಸಲ್ಲ. ಕೋಟ್ಯಂತರ ವರ್ಷದ ವಿಕಾಸದ ಕತೆ ಮೂಡಿಗೆರೆ ಪೇಟೆಯಿಂದ ಶುರುವಾಗತ್ತೆ. ವಿಜ್ಞಾನಿ ಕರ್ವಾಲೊ ಕಾಣದ್ದನ್ನ ಕಾಣೋನು ಜೇನು ಹಿಡಿಯೋ ಮಂದಣ್ಣ. ‘ಜುಗಾರಿ ಕ್ರಾಸ್’ ಶುರುವಾಗೋದು ಏಲಕ್ಕಿ ಮಾರೋಕೆ ಹೊರಟ ಗಂಡ ಹೆಂಡತಿಯಿಂದ. ‘ತಬರನ ಕಥೆ’ ಪೆನ್ಷನ್‌ಗೋಸ್ಕರ ಆಫೀಸಿಂದ ಆಫೀಸಿಗೆ ಅಲೆಯೋ ಒಬ್ಬ ಮುದುಕನ ಕತೆ. ಗಿರೀಶ್ ಕಾಸರವಳ್ಳಿ ಅದನ್ನೇ ಸಿನಿಮಾ ಮಾಡಿದ್ರು, ರಾಷ್ಟ್ರಪ್ರಶಸ್ತಿ ಬಂತು. ಜೇನುತುಪ್ಪ, ಏಲಕ್ಕಿ, ಪೆನ್ಷನ್ ಫೈಲು. ಇವು ಮೂರೂ ಇಲ್ಲಿ ಯಾವ ಮನೇಲಿ ಇಲ್ಲ ಹೇಳಿ?

‘ಅವರು ಕುವೆಂಪು ಮಗ, ಅವರಿಗೆ ಬರವಣಿಗೆ ರಕ್ತದಲ್ಲೇ ಇತ್ತು’ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಇರಬಹುದು. ಆದ್ರೆ ಕುವೆಂಪು ಮಗ ಆಗಿದ್ದೂ ಕುವೆಂಪು ಥರ ಬರೀಲಿಲ್ಲ ಅನ್ನೋದು ನನಗೆ ಮುಖ್ಯ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಬಂದಾಗ ಮುನ್ನುಡಿಯಲ್ಲಿ, ಆಗ ಜೋರಾಗಿದ್ದ ನವ್ಯ ಸಾಹಿತ್ಯದ ದಾರೀನೂ ತನಗೆ ಸಾಲದು, ಬೇರೆ ದಾರಿ ಹುಡುಕ್ತೀನಿ ಅಂತ ಹೇಳ್ಕೊಂಡ್ರು. ಹುಡುಕಿದ್ದು ಸುತ್ತಮುತ್ತಲ ಜನರ ಮಾತಲ್ಲಿ. ‘ಪರಿಸರದ ಕತೆ’ಯ ಮಾರ, ಪ್ಯಾರ ಮಾತಾಡೋದನ್ನ ಓದಿ, ವ್ಯಾಕರಣ ಪುಸ್ತಕದ ಕನ್ನಡ ಅಲ್ಲವೇ ಅಲ್ಲ.

ರಕ್ತದ ಮಾತು ಬಂದ್ರೆ ರಾಜೇಶ್ವರಿ ತೇಜಸ್ವಿ ಅವರನ್ನ ನೆನಪು ಮಾಡ್ಕೊಳ್ಳಿ. ಅದೇ ತೋಟದ ಮನೇಲಿ ದಶಕಗಟ್ಟಲೆ ಸಂಸಾರ ನಡೆಸಿ, ಗಂಡ ಹೋದ ಮೇಲೆ, ಎಪ್ಪತ್ತರ ಆಸುಪಾಸಿನಲ್ಲಿ ‘ನನ್ನ ತೇಜಸ್ವಿ’ ಬರೆದ್ರು. ಆಮೇಲೆ ಇನ್ನೂ ಬರೆದ್ರು. ನನಗೆ ಆ ಪುಸ್ತಕದಲ್ಲಿ ಇಷ್ಟ ಆಗೋದು ಮನೆಯ ವಿವರ. ತೋಟಕ್ಕೆ ಬಂದ ಹೊಸತರ ಕಷ್ಟ, ದಿನದ ಅಡುಗೆ, ಬಂದುಹೋಗೋ ಜನ. ಸಾಹಿತಿಗಳ ಬಗ್ಗೆ ಸಾಹಿತಿಗಳು ಬರೆಯೋ ದೊಡ್ಡ ದೊಡ್ಡ ಲೇಖನಗಳಲ್ಲಿ ಇದು ಸಿಗಲ್ಲ.

ಈಗ ಒಂದು ಸಣ್ಣ ಲ್ಯಾಬ್ ಎಕ್ಸ್‌ಪೆರಿಮೆಂಟ್. ವಿಷಯ: ಹೂಮಳೆ. ಗೊತ್ತಿಲ್ಲದವರಿಗೆ: ಕಾಫಿ ಗಿಡದಲ್ಲಿ ಮೊಗ್ಗು ಬೇಸಿಗೆಯಲ್ಲಿ ಮಳೆಗೆ ಕಾಯ್ತಾ ಇರತ್ತೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಸರಿಯಾದ ಒಂದು ಮಳೆ ಬಿದ್ರೆ ಸುಮಾರು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ ಹೂ ಬಿಡತ್ತೆ. ಅರೆಬರೆ ಮಳೆ ಬಿದ್ರೆ ಮೊಗ್ಗು ಕೆಡತ್ತೆ. ಮುಂದಿನ ವರ್ಷದ ಫಸಲು ಆ ಒಂದು ಮಳೆ ಮೇಲೆ ನಿಂತಿರತ್ತೆ. ಇದನ್ನ ಒಬ್ಬ ಹೀಗೆ ಬರೀಬಹುದು:

‘ಪ್ರಕೃತಿ ಮಾತೆಯ ಮಡಿಲಲ್ಲಿ ಮುತ್ತಿನ ಹನಿಗಳು ಉದುರಿದವು. ಕಾಫಿ ಹೂಗಳು ನಕ್ಕು ನಲಿದವು. ರೈತನ ಮೊಗದಲ್ಲಿ ಮಂದಹಾಸ ಮೂಡಿತು.’

ಇನ್ನೊಬ್ಬ ಹೀಗೆ:

‘ನಾಲ್ಕೂವರೆಗೆ ಶುರುವಾದ ಮಳೆ ಐದೂಕಾಲಿಗೆ ನಿಂತುಹೋಯ್ತು. ದೊಡ್ಡಪ್ಪ ಛತ್ರಿ ಹಿಡಿದು ಹೋಗಿ ಮಳೆಮಾಪಕದ ನೀರು ಅಳೆದು ಬಂದ್ರು. ನಲವತ್ತು ಸೆಂಟ್. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ದೊಡ್ಡಮ್ಮ, ಸ್ಪ್ರಿಂಕ್ಲರಿಗೆ ಡೀಸೆಲ್ ಎಷ್ಟಿದೆ ಅಂತ ಕೇಳಿದರು.’

ಎರಡೂ ನಾನೇ ಈ ಲೇಖನಕ್ಕೋಸ್ಕರ ಬರೆದದ್ದು, ಎರಡನೆಯದೂ ಅಂಥಾ ಮಹಾ ಸಾಹಿತ್ಯ ಏನಲ್ಲ. ಆದ್ರೆ ಎರಡನೆಯದನ್ನ ಓದಿದ್ರೆ ಆ ಮನೆಯ ಕಷ್ಟ ಗೊತ್ತಾಗತ್ತೆ. ಮೊದಲನೆಯದು ಕಾಫಿ ತೋಟ ನೋಡದವನೂ ಬರೀಬಹುದು. ಇನ್ನೂ ಒಂದು ಗಮನಿಸಿ: ಮೊದಲನೆಯದಕ್ಕೆ ‘ಒಳ್ಳೆ ಕನ್ನಡ’ ಬೇಕು, ಎರಡನೆಯದಕ್ಕೆ ಮನೇಲಿ ಆಡೋ ಕನ್ನಡ ಸಾಕು. ನಮ್ಮ ಇಂಗ್ಲಿಷ್ ಮೀಡಿಯಂ ಭಯ ಇರೋದೆಲ್ಲ ಮೊದಲನೇ ಥರದ ಬರವಣಿಗೆ ಬಗ್ಗೆ. ಅದನ್ನ ಬರೀಲೇಬೇಕು ಅಂತ ನಮಗೆ ಯಾರು ಹೇಳಿದ್ದು? ಕಾಗುಣಿತ, ಒತ್ತಕ್ಷರ ತಪ್ಪಾದ್ರೆ ತಿದ್ದೋಕೆ ಕ್ಲಬ್ಬಿನಲ್ಲಿ ಜನ ಇದೀವಿ. ನಿಮ್ಮ ದೊಡ್ಡಮ್ಮ ಏನು ಕೇಳಿದ್ರು ಅನ್ನೋದು ಮಾತ್ರ ನಮಗೆ ಗೊತ್ತಿಲ್ಲ.

ಇಂಗ್ಲಿಷ್ ಚೆನ್ನಾಗಿ ಬರೋದು ಒಂದು ದಾರೀನೂ ಹೌದು. ತೇಜಸ್ವಿ ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನ ಕನ್ನಡಕ್ಕೆ ತಂದ್ರು, ಅವನ್ನ ಓದಿ ಓದುವ ಚಟ ಹಿಡಿಸಿಕೊಂಡವರು ನಮ್ಮಲ್ಲೇ ಇದಾರೆ. ಆ ಕಡೆಯಿಂದ ಈ ಕಡೆಗೂ ಹೋಗಬಹುದು. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಅನುವಾದ ಮಾಡಿದ ದೀಪಾ ಭಾಸ್ತಿ ಕೊಡಗಿನವರು, ಅಂದ್ರೆ ನಮ್ಮ ಪಕ್ಕದ ಕಾಫಿ ಗುಡ್ಡದವರು. ಒಂದು ಕನ್ನಡ ಕತೆಯನ್ನ ಸಾಲು ಸಾಲಾಗಿ ಇಂಗ್ಲಿಷಿಗೆ ಮಾಡಿ ನೋಡಿ. ಪ್ರಕಟ ಮಾಡೋಕಲ್ಲ, ಆ ಕತೆ ಒಳಗಿಂದ ಹೇಗೆ ಕಟ್ಟಿದಾರೆ ಅಂತ ತಿಳಿಯೋಕೆ. ಯಾವ ಪದಕ್ಕೆ ಇಂಗ್ಲಿಷ್ ಸಿಗದೆ ಒದ್ದಾಡ್ತೀರೋ ಆ ಪದದ ಬೆಲೆ ಅವತ್ತು ಗೊತ್ತಾಗತ್ತೆ.

ಸರಿ, ಬರೆದಾಯ್ತು. ಕಳಿಸೋದೆಲ್ಲಿ?

ತೇಜಸ್ವಿ ಅವರ ‘ಲಿಂಗ ಬಂದ’ ಅನ್ನೋ ಮೊದಮೊದಲ ಕತೆಗೆ ಬಹುಮಾನ ಸಿಕ್ಕಿದ್ದು ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಲ್ಲಿ. ಅದು ಒಬ್ಬ ಸಣ್ಣ ಹುಡುಗನ ಕಣ್ಣಿನಲ್ಲಿ ಮಲೆನಾಡಿನ ಮಳೆ. ಆ ಸ್ಪರ್ಧೆ ಈಗಲೂ ಇದೆ, ಕವನಕ್ಕೂ ಇದೆ. ಹಬ್ಬಕ್ಕೆ ಕೆಲವು ತಿಂಗಳು ಮುಂಚೆಯೇ ಪ್ರಕಟಣೆ ಬರತ್ತೆ, ಇಂಟರ್ನಲ್ಸ್ ಗಲಾಟೆಯಲ್ಲಿ ನಾವು ನೋಡಿರಲ್ಲ ಅಷ್ಟೇ. ಟೋಟೊ ಪುರಸ್ಕಾರ ಅಂತ ಒಂದಿದೆ, 18ರಿಂದ 29 ವಯಸ್ಸಿನವರಿಗೆ, ಕನ್ನಡದ ಸೃಜನಶೀಲ ಬರವಣಿಗೆಗೇ ಬೇರೆ ವಿಭಾಗ. ಪುಸ್ತಕದ ಹಂತಕ್ಕೆ ಬಂದ್ರೆ ಛಂದ ಪುಸ್ತಕದವರು ಇನ್ನೂ ಕಥಾಸಂಕಲನ ತರದವರ ಹಸ್ತಪ್ರತಿಗೆ ಸ್ಪರ್ಧೆ ಇಟ್ಟು, ಗೆದ್ದದ್ದನ್ನ ಅವರೇ ಪ್ರಕಟಿಸ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡೋ ಯೋಜನೆ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವಯಸ್ಸಿನ ಒಳಗಿನವರಿಗೆ. ಅದು ದೂರದ ಮಾತು ಅನ್ನೋರಿಗೆ: 2016ರಲ್ಲಿ ಕನ್ನಡಕ್ಕೆ ಅದು ಬಂದದ್ದು ವಿಕ್ರಮ ಹತ್ವಾರ್ ಅವರ ‘ಝೀರೋ ಮತ್ತು ಒಂದು’ ಕಥಾಸಂಕಲನಕ್ಕೆ. ಹೆಸರು ಕೇಳಿದ್ರೇ ನಮ್ಮ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕ್ಲಾಸ್ ನೆನಪಾಗಲ್ವಾ? ಛಂದ ಪುಸ್ತಕ ನಡೆಸೋ ವಸುಧೇಂದ್ರ ಕೂಡ ಸುರತ್ಕಲ್ಲಿನಲ್ಲಿ ಬಿಇ ಓದಿ, ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು. ಎಂಜಿನಿಯರಿಂಗಿಗೆ ಬಂದ ಮೇಲೆ ಕತೆ ಗಿತೆ ಎಲ್ಲ ಮುಗೀತು ಅಂತ ಮನೇಲಿ ಹೇಳಿದ್ರೆ ಈ ಎರಡು ಹೆಸರು ಹೇಳಿ.

ಕಳಿಸೋವಾಗ ನಿಯಮ ಪೂರ್ತಿ ಓದಿ. ಪದಮಿತಿ, ಕೊನೇ ದಿನ, ಯಾವ ಫಾಂಟ್ ಅಂತ ಪ್ರತಿ ವರ್ಷದ ಪ್ರಕಟಣೆಯಲ್ಲಿ ಇರತ್ತೆ. ನುಡಿ, ಬರಹದಲ್ಲಿ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ರೆ ಬೇರೆ ಕಂಪ್ಯೂಟರಲ್ಲಿ ಬರೀ ವಿಚಿತ್ರ ಚಿಹ್ನೆಗಳು ಕಾಣ್ತವೆ, ಆದ್ದರಿಂದ ಯೂನಿಕೋಡಲ್ಲೇ ಬರೆಯೋದು ಒಳ್ಳೇದು. ಫೋನಲ್ಲೇ ಬರೆದರೂ ಆಗತ್ತೆ. ಒಂದೇ ಕತೆಯನ್ನ ಒಂದೇ ಸಲ ಎರಡು ಕಡೆ ಕಳಿಸಬೇಡಿ. ತಿರಸ್ಕಾರ ಆದ್ರೆ ಬಹಳ ಕಡೆ ಉತ್ತರಾನೇ ಬರಲ್ಲ, ಅದು ನಿಮ್ಮೊಬ್ಬರಿಗೇ ಆಗೋದಲ್ಲ. ಆ ಹೊತ್ತಿಗೆ ಎರಡನೇ ಕತೆ ಅರ್ಧ ಆಗಿದ್ರೆ ಬೇಜಾರಾಗೋದೂ ಅರ್ಧವೇ.

ಬಹುಮಾನಕ್ಕಿಂತ ನನಗೆ ಅವಸರ ಅನ್ನಿಸೋದು ಬೇರೆ. ಎಷ್ಟೋ ತೋಟಗಳಲ್ಲಿ ಹಾಜರಿ ಈಗ ಮೊಬೈಲಿಗೆ ಬಂದಿದೆ. ಹಳೇ ಚೆಕ್‌ರೋಲ್‌ಗಳು ಅಟ್ಟದ ಮೇಲೆ ಗೆದ್ದಲು ಹಿಡೀತಿವೆ, ಇಲ್ಲಾ ಬಚ್ಚಲ ಒಲೆಗೆ ಹೋಗ್ತಿವೆ. ಯಾವ ವರ್ಷ ಯಾವ ಊರಿಂದ ಎಷ್ಟು ಜನ ಕುಯ್ಲಿಗೆ ಬಂದ್ರು, ಅವರ ಹೆಸರೇನು, ಎಷ್ಟು ಕೂಲಿ, ಎಲ್ಲ ಅದರಲ್ಲಿತ್ತು. ಲೈನ್ ಮನೆಗಳಲ್ಲಿ ತುಳು, ತಮಿಳು ಕೇಳ್ತಿದ್ದ ಕಡೆ ಈಗ ಅಸ್ಸಾಂ ಕಡೆಯಿಂದ ಬಂದವರ ಮಾತೂ ಕೇಳತ್ತೆ. ಅವರ ಮಕ್ಕಳು ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲೀತಿದಾರೆ. ಇದನ್ನ ತೇಜಸ್ವಿ ಬರೆದಿಲ್ಲ, ಬರೆಯೋಕೆ ಸಾಧ್ಯವೂ ಇರಲಿಲ್ಲ, ಅವರ ಕಾಲ ಬೇರೆ. 2019ರ ಆಗಸ್ಟಲ್ಲಿ ಗುಡ್ಡ ಜಾರಿ ಮಲೆಮನೆಯಂಥ ಊರಲ್ಲಿ ಮನೆ ಕಳ್ಕೊಂಡವರಿದಾರೆ. ಆನೆ ಬರತ್ತೆ ಅಂತ ಬೆಳಿಗ್ಗೆ ಬೇಗ ತೋಟಕ್ಕೆ ಇಳಿಯೋಕೆ ಹೆದರೋರಿದಾರೆ. ಕಳಸದ ಹತ್ತಿರ ಕುದುರೆಮುಖ ಇದೆ. ಕಬ್ಬಿಣದ ಅದಿರಿನ ಗಣಿಗೋಸ್ಕರ ಕಟ್ಟಿದ ಊರು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಗಣಿ ನಿಂತದ್ದು ಕಾಡಿಗೂ ಭದ್ರಾ ನದಿಗೂ ಒಳ್ಳೇದೇ ಆಯ್ತು ಅಂತ ನಾನು ನಂಬ್ತೀನಿ. ಆದ್ರೆ ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್ ಎಲ್ಲ ಇದ್ದ ಊರು ಖಾಲಿಯಾಗುವಾಗ ಕೊನೇ ಲಾರಿಗೆ ಸಾಮಾನು ಹಾಕಿದ ಮನೆಯವರು ಏನು ಮಾತಾಡ್ಕೊಂಡ್ರು? ಅಲ್ಲಿ ಕೆಲಸ ಮಾಡಿದವರ ಮಕ್ಕಳು ಬೇರೆ ಬೇರೆ ಊರಲ್ಲಿದಾರೆ, ನಮ್ಮ ಕ್ಯಾಂಪಸ್ಸಿನಲ್ಲೂ ಇರಬಹುದು. ಇದ್ರೆ ಈ ಸಲ ರಜೆಗೆ ಹೋದಾಗ ಅಪ್ಪನನ್ನೋ ಅಮ್ಮನನ್ನೋ ಕೂರಿಸ್ಕೊಂಡು ಆ ದಿನದ್ದು ಕೇಳಿ. ಮೊದಲು ಲಾರಿ ಎಷ್ಟು ಗಂಟೆಗೆ ಬಂತು ಅಂತ ಕೇಳಿ, ಉಳಿದದ್ದನ್ನ ಅವರೇ ಹೇಳ್ತಾರೆ.