ಸೋಜಿಗಗಳು ನಮ್ಮ ಮಗ್ಗಲದಾಗ ಅದಾವು



ಸಾಮಾನ್ಯ ಜ್ಞಾನ ಅಂದ ಕೂಡಲೇ ನಾವೆಲ್ಲ ಏನು ಕಂಠಪಾಠ ಮಾಡುತ್ತೇವೆ? ಅತಿ ಎತ್ತರದ ಶಿಖರ ಎವರೆಸ್ಟ್, ಅತಿ ದೊಡ್ಡ ಪ್ರಾಣಿ ನೀಲಿ ತಿಮಿಂಗಿಲ, ಅತಿ ದೊಡ್ಡ ಸಾಗರ ಪೆಸಿಫಿಕ್. ಇವೆಲ್ಲ ಸರಿ. ಆದರೆ ಎವರೆಸ್ಟನ್ನೂ ತಿಮಿಂಗಿಲವನ್ನೂ ನಮ್ಮ ತರಗತಿಯಲ್ಲಿ ಒಬ್ಬರೂ ಕಣ್ಣಾರೆ ಕಂಡಿಲ್ಲ. ಅದಕ್ಕೆ ಈ ಸಲ ನಾನು ಬೇರೆ ತರಹ ಬರೆಯುತ್ತೇನೆ. ಇಲ್ಲಿನ ಸಂಗತಿಗಳಲ್ಲಿ ಹೆಚ್ಚಿನವು ನಮ್ಮ ಊರಿಂದ ಸೈಕಲ್ ಮೇಲೋ ಬಸ್ಸಿನಲ್ಲೋ ಹೋಗಿ ನೋಡಿ ಬರುವಂಥವು. ಸುಳ್ಳು ಅನಿಸಿದ್ರ ಹೋಗಿ ನೋಡ್ಕೊಂಡು ಬರ್ರಿ!

ಮೊದಲು ನಮ್ಮ ಹೆಸರಿನದೇ ಒಂದು ಗೊಂದಲ ಇದೆ. ಹೊರಗಿನವರ ಮುಂದೆ "ನಮ್ಮದು ಬೇಲೂರು" ಅಂದರೆ, "ಓಹೋ, ಶಿಲಾಬಾಲಿಕೆಯರ ಊರೇನು?" ಅನ್ನುತ್ತಾರೆ. ಅದು ಹಾಸನ ಜಿಲ್ಲೆಯ ಬೇಲೂರು. ಅಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವ ಗುಡಿ ಕಟ್ಟಿಸಿದ. 2023ರ ಸೆಪ್ಟೆಂಬರದಲ್ಲಿ ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳ ಜೊತೆಗೆ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕನ್ನಡದ ಬಹಳ ಹಳೆಯ ಶಾಸನ ಸಿಕ್ಕ ಹಲ್ಮಿಡಿ ಕೂಡ ಅದೇ ಬೇಲೂರು ತಾಲೂಕಿನದು. ನಮ್ಮದು ಧಾರವಾಡದ ಬೇಲೂರು. ನಮ್ಮಲ್ಲಿ ಶಿಲಾಬಾಲಿಕೆಯರಿಲ್ಲ, ಫ್ಯಾಕ್ಟರಿಯ ಭೋಂಗಾ ಇದೆ. ಕೈಗಾರಿಕಾ ಪ್ರದೇಶ ಅಂದಮೇಲೆ ಅಷ್ಟೇ ಅಲ್ಲವೇ! ಇರಲಿ, ಮುಂದೆ ಕೇಳಿರಿ.

ಪ್ರೆಶರ್ ಕುಕ್ಕರ್ ಮೇಲೆ, ಸಿಮೆಂಟ್ ಚೀಲದ ಮೇಲೆ ಐಎಸ್‌ಐ ಅಂತ ಗುರುತು ಇರುವುದನ್ನು ನೀವು ನೋಡಿದ್ದೀರಿ. ಆ ವಸ್ತು ಹೇಗಿರಬೇಕು ಅಂತ ಸರ್ಕಾರದ ಸಂಸ್ಥೆ ಬರೆದಿಟ್ಟ ನಿಯಮಕ್ಕೆ ಮಾನಕ ಅನ್ನುತ್ತಾರೆ. ಪ್ರತಿಯೊಂದು ಮಾನಕಕ್ಕೂ ನಂಬರ್ ಇರುತ್ತದೆ. ಇಂಥ ಸಾವಿರಾರು ಮಾನಕಗಳಲ್ಲಿ ಒಂದನೇ ನಂಬರ್ ಯಾವುದರದು ಗೊತ್ತೇ? ಕಬ್ಬಿಣದ್ದಲ್ಲ, ಸಿಮೆಂಟಿನದಲ್ಲ. ನಮ್ಮ ರಾಷ್ಟ್ರಧ್ವಜದ್ದು! 1951ರಲ್ಲಿ ಬಂದ ಮಾನಕ ಅದು. ಧ್ವಜದ ಉದ್ದ ಮತ್ತು ಎತ್ತರ 3:2 ಪ್ರಮಾಣದಲ್ಲೇ ಇರಬೇಕು. ಅಳತೆಗಳು ಒಟ್ಟು ಒಂಬತ್ತು. ಎಲ್ಲಕ್ಕಿಂತ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಎತ್ತರ, ಅಂದರೆ ಸುಮಾರು 21 ಅಡಿ, 14 ಅಡಿ. ನಮ್ಮ ತರಗತಿಯ ಕೋಣೆ ತುಂಬ ಹಾಸಬಹುದು. ಎಲ್ಲಕ್ಕಿಂತ ಸಣ್ಣದು 150 ಮಿಲಿಮೀಟರ್, 100 ಮಿಲಿಮೀಟರ್. ಅದು ಸಾಹೇಬರ ಮೇಜಿನ ಮೇಲೆ ಇಡುವುದು. ಚಕ್ರದ 24 ಅರಗಳನ್ನು ಬಟ್ಟೆಯ ಎರಡೂ ಮಗ್ಗಲಿಗೆ ಅಚ್ಚು ಹಾಕುತ್ತಾರೆ. ಈ ಕಡೆಯ ಚಕ್ರದ ಮೇಲೆ ಆ ಕಡೆಯ ಚಕ್ರ ಕರೆಕ್ಟಾಗಿ ಕೂಡಬೇಕು, ಕೂದಲೆಳೆ ಸರಿದರೂ ನೋಡಿದವರಿಗೆ ಗೊತ್ತಾಗುತ್ತದೆ. ಹಗ್ಗ ತೂರಿಸುವ ಅಂಚಿನ ಪಟ್ಟಿಗೆ ಬೇರೆಯೇ ದಪ್ಪನೆಯ ಖಾದಿ. ಶಾಲೆಯಲ್ಲಿ ಧ್ವಜ ಮಡಚುವ ಪಾಳಿ ಯಾರದಿದ್ದರೂ ಆ ಪಟ್ಟಿಯನ್ನು ಬೆರಳಲ್ಲಿ ಮುಟ್ಟಿ ನೋಡಿರಿ.

ಈ ಧ್ವಜ ತಯಾರಾಗುವುದು ಎಲ್ಲಿ? ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಅಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರ ನವೆಂಬರ 1ರಂದು. ಅಲ್ಲಿ ಬಣ್ಣ ಹಾಕಿ, ಚಕ್ರ ಅಚ್ಚು ಮಾಡಿ, ಹೊಲಿಯುತ್ತಾರೆ. ಅದಕ್ಕಿಂತ ಹತ್ತಿರದ ಊರು ಇನ್ನೊಂದಿದೆ, ನಮ್ಮ ಗರಗ! ಮಡಿವಾಳಜ್ಜನ ಮಠದ ಗರಗ. ಅಲ್ಲಿ 1950ರ ದಶಕದಲ್ಲಿ ಶುರುವಾದ ಖಾದಿ ಸಂಘ ಧ್ವಜದ ಬಟ್ಟೆಗೆ ದೇಶದಲ್ಲೆಲ್ಲ ಹೆಸರು ಮಾಡಿತು. ದಿಲ್ಲಿಯವರಿಗೆ ಗೊತ್ತಿರುವ ಗರಗ, ನಮಗೆ ಬರೀ ಜಾತ್ರೆಯಿಂದ ಗೊತ್ತು!

ನಮ್ಮ ಆಯಿ ಇಂಥದೇ ಒಂದು ನೂಲುವ ಕೇಂದ್ರದಲ್ಲಿ 27 ವರ್ಷ ಅಂಬರ ಚರಕದ ಮೇಲೆ ನೂಲು ತೆಗೆದಳು. (ತಮಿಳುನಾಡಿನ ಏಕಾಂಬರನಾಥ ಎಂಬವರು ಆ ಚರಕವನ್ನು ರೂಪಿಸಿದ್ದರಿಂದ ಅದಕ್ಕೆ ಅಂಬರ ಅಂತ ಹೆಸರು. ಆಯಿಗೂ ಇದು ಗೊತ್ತಿರಲಿಲ್ಲ, ನಾನೇ ಹೇಳಿದೆ.) ಖಾದಿ ಲೆಕ್ಕದಲ್ಲಿ ಒಂದು ಲಡಿ ಅಂದರೆ 1000 ಮೀಟರ್ ನೂಲು. "ದಿನಕ್ಕ ಎಷ್ಟ ಲಡಿ ತಗೀತಿದ್ದಿ ಆಯಿ?" ಅಂತ ಕೇಳಿದೆ. "ಕಮ್ಮಿ ಅಂದ್ರ ಹದಿನೈದು. ಆಗಸ್ಟ್ ಹದಿನೈದು ಹತ್ರ ಬಂತಂದ್ರ ಉಸಿರು ಬಿಡಾಕ ಪುರಸೊತ್ತು ಇರ್ತಿರಲಿಲ್ಲ" ಅಂದಳು. ನಾನು ಪಾಟಿ ತೆಗೆದುಕೊಂಡು ಲೆಕ್ಕ ಮಾಡಿದೆ. ದಿನಕ್ಕೆ 15 ಲಡಿ ಅಂದರೆ 15 ಕಿಲೋಮೀಟರ್. ವರ್ಷಕ್ಕೆ 300 ದಿನ ಕೆಲಸ ಅಂದರೆ 4,500 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಒಂಬತ್ತು ವರ್ಷಕ್ಕೆ ಆಯಿಯ ನೂಲು ಭೂಮಿಯನ್ನು ಒಂದು ಸುತ್ತು ಹಾಕಿತು. 27 ವರ್ಷಕ್ಕೆ ಮೂರು ಸುತ್ತು! ಒಟ್ಟು 1,21,500 ಕಿಲೋಮೀಟರ್. ಚಂದ್ರನ ತನಕ ಸುಮಾರು 3,84,400 ಕಿಲೋಮೀಟರ್ ಇದೆ. ಆಯಿ ಒಬ್ಬಳೇ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ದಾರಿ ಮುಟ್ಟಿದ್ದಾಳೆ. ಇದನ್ನು ಹೇಳಿದಾಗ ಆಕೆ ನಕ್ಕು, "ನಾ ಧಾರವಾಡ ಬಿಟ್ಟು ಆಚಿಕ ಹೋಗಿದ್ದು ಎಲ್ಲವ್ವನ ಗುಡ್ಡಕ್ಕ ಅಷ್ಟ" ಅಂದಳು.

ಇನ್ನೊಂದು ಮಾತು ಹೇಳಲೇಬೇಕು. ಮೊದಲು ಧ್ವಜ ಅಂದರೆ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯದೇ ಆಗಿರಬೇಕಿತ್ತು. ಹತ್ತಿ, ರೇಷ್ಮೆ, ಉಣ್ಣೆ ಯಾವುದಾದರೂ ಸರಿ, ಆದರೆ ಖಾದಿ. 2021ರ ಡಿಸೆಂಬರ 30ರಂದು ಕೇಂದ್ರ ಸರ್ಕಾರ ಧ್ವಜ ಸಂಹಿತೆಯನ್ನು ತಿದ್ದಿ, ಪಾಲಿಯೆಸ್ಟರ್ ಬಟ್ಟೆಗೂ ಮಷೀನಿನಲ್ಲಿ ಮಾಡಿದ ಧ್ವಜಕ್ಕೂ ಒಪ್ಪಿಗೆ ಕೊಟ್ಟಿತು. ಬೆಂಗೇರಿಯ ಸಂಘದವರು ಇದನ್ನು ವಿರೋಧಿಸಿದರು. 2022ರಲ್ಲಿ ಮನೆಮನೆಗೂ ಧ್ವಜ ಹಾರಿತು, ಅದು ಒಳ್ಳೆಯದೇ. ಅಷ್ಟು ಮನೆಗೆ ಸಾಲುವಷ್ಟು ಖಾದಿ ಧ್ವಜ ಒಮ್ಮೆಲೇ ಮಾಡಲು ಆಗುವುದಿಲ್ಲ ಅನ್ನುವುದೂ ನಿಜ. ಆದರೆ ಚರಕದ ಕೆಲಸ ಕಡಿಮೆಯಾಯಿತು. ಆಯಿಯ ಜೊತೆ ನೂಲುತ್ತಿದ್ದ ನಮ್ಮ ಚಿಗವ್ವ ಈಗ ಬುತ್ತಿ ಕಟ್ಟಿಕೊಂಡು ಇಲ್ಲೇ ಕೈಗಾರಿಕಾ ಪ್ರದೇಶಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಪಗಾರ ಮೊದಲಿಗಿಂತ ಹೆಚ್ಚು. ಆದರೂ "ಅಲ್ಲಿ ಕುಂತು ಮಾತಾಡ್ಕೋತ ನೂಲೂದು ಬ್ಯಾರೆ ಇತ್ತು" ಅನ್ನುತ್ತಾಳೆ. ನನಗೆ ಅನಿಸುವುದು ಇಷ್ಟು: ಮನೆಯ ಮಾಳಿಗೆಗೆ ಯಾವುದಾದರೂ ಇರಲಿ, ಶಾಲೆ, ಪಂಚಾಯತಿ ಕಂಬಗಳಿಗೆ ಖಾದಿಯದೇ ಇರಲಿ. ಇದಕ್ಕೆ ನೀವು ಏನನ್ನುತ್ತೀರಿ?

ಈಗ ಒಂದು ಸಣ್ಣ ವಿಷಯ. ನಮ್ಮ ಶಾಲೆಯ ಕಪಾಟಿನಲ್ಲಿರುವ ಹಳೆಯ ಪುಸ್ತಕದಲ್ಲಿ ಜಗತ್ತಿನ ಅತಿ ಉದ್ದನೆಯ ರೈಲ್ವೆ ಪ್ಲಾಟ್‌ಫಾರ್ಮ್ ಖರಗಪುರ ಅಂತ ಇದೆ. ಅದು 1072 ಮೀಟರ್. 2013ರಲ್ಲಿ ಗೋರಖಪುರದ 1366 ಮೀಟರ್ ಪ್ಲಾಟ್‌ಫಾರ್ಮ್ ಅದನ್ನು ಹಿಂದೆ ಹಾಕಿತು. 2023ರ ಮಾರ್ಚ್ 12ರಂದು ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1507 ಮೀಟರ್ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಗಿ ಎಲ್ಲರನ್ನೂ ಮೀರಿಸಿತು. 24 ಡಬ್ಬಿಯ ಗಾಡಿ ಒಂದರ ಹಿಂದೊಂದು ಎರಡು ನಿಂತರೂ ಇನ್ನೂ ಜಾಗ ಉಳಿಯುತ್ತದೆ. ನಮ್ಮಂಥವರ ಹೆಜ್ಜೆ ಅರ್ಧ ಮೀಟರ್ ಅಂತ ಹಿಡಿದರೆ ಈ ತುದಿಯಿಂದ ಆ ತುದಿಗೆ ಮೂರು ಸಾವಿರ ಹೆಜ್ಜೆ. ಕ್ವಿಜ್‌ಗೆ ಹೋಗುವವರು ಹಳೆಯ ಪುಸ್ತಕ ನಂಬಬೇಡಿರಿ. ಅದೇ ಪುಸ್ತಕದಲ್ಲಿ ಗ್ರಹಗಳು ಒಂಬತ್ತು ಅಂತ ಇದೆ. 2006ರಲ್ಲಿ ಪ್ಲುಟೋವನ್ನು ಕುಬ್ಜ ಗ್ರಹ ಅಂತ ಬೇರೆ ಮಾಡಿದ ಮೇಲೆ ಎಂಟೇ. ಕರ್ನಾಟಕದ ಜಿಲ್ಲೆ 20 ಅಂತಲೂ ಇದೆ. ಈಗ 31. ನಮ್ಮ ಧಾರವಾಡ ಜಿಲ್ಲೆಯೇ 1997ರಲ್ಲಿ ಒಡೆದು ಗದಗ, ಹಾವೇರಿ ಬೇರೆಯಾದವು.

ಕಲ್ಲಿನ ಸುದ್ದಿ ಕೇಳಿದ್ದೀರಾ? ಭೂಗರ್ಭ ಶಾಸ್ತ್ರದ ಪುಸ್ತಕ ಯಾವ ದೇಶದ್ದೇ ಇರಲಿ, ಭಾರತದ ಹಳೆಯ ಕಲ್ಲಿನ ಮಾತು ಬಂದರೆ ಅದರಲ್ಲಿ ಧಾರವಾಡದ ಹೆಸರು ಇರುತ್ತದೆ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷ್ ವಿಜ್ಞಾನಿ ಇಲ್ಲೆಲ್ಲ ಓಡಾಡಿ, ಈ ಜಾತಿಯ ಕಲ್ಲುಗಳಿಗೆ 'ಧಾರವಾಡ' ಅಂತಲೇ ಹೆಸರಿಟ್ಟ. (1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂದಲ್ಲಿ ಶಿಲಾಯುಗದ ಕೊಡಲಿ ಗುರುತಿಸಿದವನೂ ಈತನೇ.) ಈ ಕಲ್ಲುಗಳಿಗೆ 250 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಹಿಮಾಲಯ ಏಳಲು ಶುರುವಾಗಿ ಸುಮಾರು 5 ಕೋಟಿ ವರ್ಷ. ಐವತ್ತು ಪಟ್ಟು! ನಮ್ಮ ಕಲ್ಲಿನ ಮುಂದೆ ಹಿಮಾಲಯ ಇನ್ನೂ ಅಂಗನವಾಡಿ ಹುಡುಗ. ಕೋಲಾರದ ಚಿನ್ನ, ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನ ಸಿಕ್ಕಿದ್ದು ಈ ಧಾರವಾಡ ವರ್ಗದ ಕಲ್ಲಿನಲ್ಲೇ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿಯದು ನಡೆದಿದೆ. ಹಂಗಂತ ಯಾರೂ ಶಾಲಿ ಹಿಂದಿನ ದಿಬ್ಬ ಅಗಿಯಾಕ ಹೋಗಬ್ಯಾಡ್ರಿ, ಸರ್ ಬೈತಾರ.

ಕಡೆಯದು ಮಳೆಯ ಸಂಗತಿ. ನನಗೆ ಎಲ್ಲಕ್ಕಿಂತ ಸೋಜಿಗ ಅನಿಸಿದ್ದು ಇದೇ. ಹಂಚಿನ ಮನೆಯ ಚಾವಣಿಯ ನೆತ್ತಿಯ ಮೇಲೆ ಬಿದ್ದ ಮಳೆ ಅರ್ಧ ಈ ಕಡೆ, ಅರ್ಧ ಆ ಕಡೆ ಇಳಿಯುತ್ತದಲ್ಲವೇ? ಧಾರವಾಡ ಅಂಥ ನೆತ್ತಿಯ ಮೇಲೆ ಕೂತ ಊರು. ಅಲ್ಲಿನ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲಾ ನದಿ ಹುಟ್ಟುತ್ತದೆ. (ಶಿರಸಿಯ ಸಹಸ್ರಲಿಂಗದ ಶಾಲ್ಮಲಾ ಬೇರೆ, ಹೆಸರು ಮಾತ್ರ ಒಂದೇ.) ಅದು ಕಲಘಟಗಿ ಕಡೆ ಹೋಗಿ ಬೇಡ್ತಿಯನ್ನು ಕೂಡಿ, ಯಲ್ಲಾಪುರದ ಕಾಡಿನಲ್ಲಿ ಮಾಗೋಡ ಜಲಪಾತವಾಗಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು, ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ. ಆದರೆ ಧಾರವಾಡದ ಪೂರ್ವಕ್ಕೆ ಬಿದ್ದ ಮಳೆ ತುಪ್ಪರಿಹಳ್ಳಕ್ಕೆ ಹೋಗುತ್ತದೆ. ತುಪ್ಪರಿಹಳ್ಳ ಬೆಣ್ಣೆಹಳ್ಳ ಕೂಡುತ್ತದೆ (ನಮ್ಮಲ್ಲಿ ತುಪ್ಪವೇ ಹೋಗಿ ಬೆಣ್ಣೆ ಸೇರುತ್ತದೆ, ನೋಡಿರಿ!). ಬೆಣ್ಣೆಹಳ್ಳ ಮಲಪ್ರಭೆಗೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ. ಕೃಷ್ಣೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ ಬಂಗಾಳ ಕೊಲ್ಲಿಗೆ. ಒಂದೇ ಮೋಡದ ಎರಡು ಹನಿ, ಒಂದು ಪಡುವಣ ಕಡಲಿಗೆ, ಇನ್ನೊಂದು ಮೂಡಣ ಕಡಲಿಗೆ! ಅಮೆರಿಕಾದ ವಯೋಮಿಂಗ್ ರಾಜ್ಯದಲ್ಲಿ ಒಂದೇ ಹಳ್ಳ ಎರಡಾಗಿ ಸೀಳಿ, ಒಂದರ ನೀರು ಪೆಸಿಫಿಕ್ ಕಡೆಗೆ, ಇನ್ನೊಂದರದು ಅಟ್ಲಾಂಟಿಕ್ ಕಡೆಗೆ ಹೋಗುತ್ತದಂತೆ. ಅದನ್ನು ನೋಡಲು ಜನ ದೂರದಿಂದ ಬರುತ್ತಾರೆ. ನಾವು ಸೋಮೇಶ್ವರಕ್ಕೆ ಹೋದರೂ ಕಾಯಿ ಒಡೆಸಿಕೊಂಡು ಬಂದುಬಿಡುತ್ತೇವೆ. ಹಾಂ, ನಡುವೆ ಡ್ಯಾಮುಗಳು ಅಡ್ಡ ಇರದಿದ್ದರೆ ಹಳ್ಳಕ್ಕೆ ನಾವು ಒಗೆದ ಗುಟ್ಕಾ ಚೀಟು, ಪ್ಲಾಸ್ಟಿಕ್ ಚೀಲಗಳೂ ವಿಜಯವಾಡ ನೋಡುತ್ತಿದ್ದವು. ನಾವಿನ್ನೂ ನೋಡಿಲ್ಲ.

ಈ ಸಲದ ಪ್ರಶ್ನೆ: ನಿಮ್ಮ ಮನೆಯ ಮಾಳಿಗೆಯ ದೋಣಿಯಿಂದ ಬಿದ್ದ ನೀರು ಯಾವ ಗಟಾರ ಹಿಡಿದು, ಯಾವ ಕೆರೆಗೆ ಅಥವಾ ಹಳ್ಳಕ್ಕೆ ಹೋಗುತ್ತದೆ? ಮಳೆ ಬಂದ ದಿನ ಬೆನ್ನು ಹತ್ತಿ ನೋಡಿ, ದಾರಿಯ ನಕಾಶೆ ತೆಗೆದು, ಚೀಟಿಯ ಹಿಂದೆ ಹೆಸರು ಬರೆದು ಗೋಡೆ ಪತ್ರಿಕೆಯ ಡಬ್ಬಿಗೆ ಹಾಕಿರಿ. ಚಲೋ ನಕಾಶೆಯನ್ನು ಮುಂದಿನ ತಿಂಗಳು ಇಲ್ಲೇ ಅಂಟಿಸುತ್ತೇವೆ.

– ಏಳನೆಯ ತರಗತಿ