ಹಿತ್ತಲಿಗೆ ಜೇನು ಬರಬೇಕಾದರೆ

ಕುಂಬಳದ ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ಬಿಡುತ್ತಿದೆ, ಆದರೆ ಪೀಚು ನಿಂಬೆಹಣ್ಣಿನ ಗಾತ್ರಕ್ಕೆ ಬರುವ ಮೊದಲೇ ಹಳದಿ ತಿರುಗಿ ಉದುರುತ್ತಿದೆ, ಯಾವ ಔಷಧಿ ಹೊಡೆಯಲಿ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ ಕಣಮ್ಮ. ಪೀಚಿನ ಮೇಲೆ ಚುಚ್ಚಿದ ಗುರುತಿಲ್ಲ, ಸೀಳಿ ನೋಡಿದರೆ ಒಳಗೆ ಹುಳುವಿಲ್ಲ ಅಂದೆ. ಹಾಗಾದರೆ ಹಣ್ಣುನೊಣದ ಕಾಟವಲ್ಲ. ಔಷಧಿ ತರಲು ಅಂಗಡಿಗೆ ಹೋಗಬೇಡ. ನಿನ್ನ ಹಿತ್ತಲಿಗೆ ಜೇನು ಬರುತ್ತಿಲ್ಲ, ಅಷ್ಟೇ.

ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ತೊಟ್ಟು ಉದ್ದವಾಗಿ ನೆಟ್ಟಗೆ ನಿಂತಿದ್ದರೆ ಅದು ಗಂಡು. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕೂತಿದ್ದರೆ ಹೆಣ್ಣು. ಎರಡೂ ಬೆಳಕು ಹರಿಯುವ ಮುಂಚೆ ಅರಳಿ, ಬಿಸಿಲು ಏರುತ್ತಿದ್ದಂತೆ ಮುದುಡಿಕೊಳ್ಳುತ್ತವೆ. ಹೆಣ್ಣು ಹೂವಿಗೆ ಸಿಗುವುದು ಆ ಒಂದು ಬೆಳಗ್ಗೆ ಮಾತ್ರ. ಕುಂಬಳದ ಪರಾಗ ದಪ್ಪ, ಅಂಟು, ಗಾಳಿಗೆ ಹಾರುವಂಥದ್ದಲ್ಲ. ಯಾರಾದರೂ ಹೊತ್ತು ತರಬೇಕು, ಅದೂ ಒಂದು ಸಲ ಬಂದರೆ ಸಾಲದು, ಮತ್ತೆ ಮತ್ತೆ ಬರಬೇಕು. ಸದ್ಯಕ್ಕೆ ನೀನೇ ಆ ಕೆಲಸ ಮಾಡು. ಬೆಳಗ್ಗೆ ಎಂಟು ಗಂಟೆಯೊಳಗೆ ಒಂದು ಗಂಡು ಹೂವು ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರು. ಈ ಬೆಳೆಗೆ ನಾಲ್ಕು ಕಾಯಿ ಉಳಿಯುತ್ತವೆ. ಮುಂದಿನ ಬೆಳೆಗೆ ಈ ಕೆಲಸ ಜೇನೇ ಮಾಡಲಿ.

ಹೂವಿನ ಜಿಲ್ಲೆಯಲ್ಲಿದ್ದುಕೊಂಡು ಜೇನಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಮಂಚೇನಹಳ್ಳಿಯಿಂದ ಚಿಕ್ಕಬಳ್ಳಾಪುರದವರೆಗೆ ಬಸ್ಸಿನಲ್ಲಿ ಹೋದರೆ ರಸ್ತೆಯ ಎರಡೂ ಬದಿಗೆ ಗುಲಾಬಿ, ಸೇವಂತಿಗೆ, ಚೆಂಡು ಹೂವಿನ ತಾಕುಗಳು ಕಾಣುತ್ತವೆ. ಆದರೆ ಸಂತೆಗೆ ಹೋಗುವ ಹೂವಿನಲ್ಲಿ ಜೇನಿಗೆ ಸಿಗುವುದು ಬಹಳ ಕಡಿಮೆ. ಒತ್ತೊತ್ತು ದಳದ ಹೈಬ್ರಿಡ್ ಗುಲಾಬಿಯಲ್ಲಿ ಕೇಸರ ಇರಬೇಕಾದ ಜಾಗವೆಲ್ಲ ದಳವೇ ತುಂಬಿರುತ್ತದೆ. ಬಂದ ಜೇನು ಒಳಗೆ ದಾರಿ ಹುಡುಕಿ, ಏನೂ ಸಿಗದೆ ಹಾರಿಹೋಗುತ್ತದೆ. ಇನ್ನು ಆ ತಾಕುಗಳಿಗೆ ಹೊಡೆಯುವ ಔಷಧಿಯ ಲೆಕ್ಕವೇ ಬೇರೆ. ಅದಕ್ಕೇ ಹೇಳುತ್ತೇನೆ, ನರ್ಸರಿಯಲ್ಲಿ ದೊಡ್ಡ ಹೂವು ನೋಡಿ ಮರುಳಾಗಬೇಡ. ಜೇನಿಗೆ ಗಿಡ ನೆಡುವಾಗ ಒಂದೇ ಸುತ್ತು ದಳವಿರುವ, ನಡುವೆ ಪರಾಗ ಕಣ್ಣಿಗೆ ಕಾಣುವ ಹೂವನ್ನೇ ಆರಿಸು.

ನಮ್ಮ ಸೀಮೆಯ ಜೇನುಗಳ ಗುರುತು ನಿನಗಿರಲಿ. ಬಂಡೆ, ದೊಡ್ಡ ಮರ, ನೀರಿನ ಟ್ಯಾಂಕಿನ ಕೆಳಗೆ ಒಂದೇ ದೊಡ್ಡ ಎರಿ ಕಟ್ಟುವುದು ಹೆಜ್ಜೇನು. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದ ಆಲದ ಮರಕ್ಕೆ ನೂರಾರು ಹೆಜ್ಜೇನು ಕುಟುಂಬಗಳು ಒಟ್ಟಿಗೆ ಬಂದು ಕೂರುತ್ತವೆ. ಬೇಲಿಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವುದು ಕಡ್ಡಿಜೇನು, ಪುಸ್ತಕದಲ್ಲಿ ಕೋಲುಜೇನು ಅಂತ ಬರೆಯುತ್ತಾರೆ. ಪೊಟರೆಯಲ್ಲಿ, ಹುತ್ತದಲ್ಲಿ, ಕತ್ತಲಿದ್ದ ಕಡೆ ಸಾಲಾಗಿ ಎರಿ ಕಟ್ಟುವುದು ತುಡುವೆ. ಪೆಟ್ಟಿಗೆಯಲ್ಲಿ ಸಾಕುವುದು ಇದನ್ನೇ. ಗೋಡೆಯ ಸಂದಿನಲ್ಲಿ ಮೇಣದ ಸಣ್ಣ ಕೊಳವೆ ಮಾಡಿಕೊಂಡು ಇರುವುದು ಮಿಸರಿ, ಅದಕ್ಕೆ ಕುಟುಕುವ ಮುಳ್ಳೇ ಇಲ್ಲ. 1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು, ತುಡುವೆ ಕುಟುಂಬಗಳಲ್ಲಿ ಬಹುಪಾಲು ಸತ್ತುಹೋದವು. ಪೆಟ್ಟಿಗೆ ಇಟ್ಟವರೆಲ್ಲ ಕೈಬಿಟ್ಟ ಕಾಲ ಅದು. ರೋಗವನ್ನು ತಡೆದುಕೊಂಡು ಉಳಿದವುಗಳಿಂದಲೇ ತುಡುವೆ ಮತ್ತೆ ಚೇತರಿಸಿಕೊಂಡಿದೆ. ಹಾಗೆ ಉಳಿದು ಬಂದ ಜೀವಕ್ಕೆ ಇವತ್ತು ನಮ್ಮ ಕಡೆ ಹೊಟ್ಟೆಗಿಲ್ಲ ಅನ್ನುವುದೇ ನನ್ನ ಸಂಕಟ.

ಜೇನಿಗೆ ಒಂದು ತಿಂಗಳು ಹೂವಿದ್ದರೆ ಸಾಲದು, ವರ್ಷವಿಡೀ ಬೇಕು. ನೀನು ಲೆಕ್ಕ ಹಾಕಬೇಕಾದ್ದು ಇದನ್ನೇ. ಯುಗಾದಿಯ ಹಿಂದುಮುಂದು ನಮ್ಮಲ್ಲಿ ಅವಕ್ಕೆ ಹಬ್ಬವೇ. ಹೊಂಗೆ, ಬೇವು, ನೇರಳೆ ಮೂರೂ ಹೂವಿಗೆ ಬರುತ್ತವೆ. ಆಗ ಬೆಳಗ್ಗೆ ಹೊಂಗೆಮರದ ಕೆಳಗೆ ಹೋಗಿ ನಿಂತು ನೋಡು. ತಲೆಯ ಮೇಲೆ ಒಂದೇ ಸಮನೆ ಝೇಂಕಾರ, ಕಾಲ ಕೆಳಗೆ ತಿಳಿ ನೇರಳೆ ಬಣ್ಣದ ಹೂವಿನ ಹಾಸು, ಬಿದ್ದ ಹೂವನ್ನೂ ಬಿಡದೆ ಮಿಸರಿಗಳು ಮುತ್ತಿಕೊಂಡಿರುತ್ತವೆ. ಅದಾದ ಮೇಲೆ ಹುಣಸೆ. ಮೇ ತಿಂಗಳಲ್ಲಿ ಕೆಂಪು ಗೆರೆಯ ಹಳದಿ ಹೂವು ಬಿಡಲು ಶುರುವಾದರೆ ಮುಂಗಾರು ಹಿಡಿಯುವವರೆಗೆ ಜೇನಿಗೆ ಚಿಂತೆಯಿಲ್ಲ. ರಸ್ತೆ ಅಗಲ ಮಾಡುವಾಗ ಸಾಲುಮರದ ಹುಣಸೆಗಳನ್ನು ಕಡಿದು ಹಾಕಿದಾಗ ನಾವು ನೆರಳು ಹೋಯಿತು ಅಂತ ಮಾತ್ರ ಮರುಗಿದೆವು. ಜೇನಿನ ಎರಡು ತಿಂಗಳ ಊಟ ಹೋಯಿತು ಅಂತ ಯಾರೂ ಹೇಳಲಿಲ್ಲ.

ಹುಣಸೆ ಮುಗಿದ ಮೇಲೆ, ಆಷಾಢ ಶ್ರಾವಣದಲ್ಲಿ, ಕಷ್ಟದ ಕಾಲ. ಮೋಡ, ಜಿಟಿಜಿಟಿ, ಗಾಳಿ. ಹೊರಗೆ ಬಂದರೂ ಹೂವು ಕಡಿಮೆ. ಗೌರಿಬಿದನೂರು ಕಡೆಯ ಮುಸುಕಿನ ಜೋಳದ ಸೂಲಂಗಿಯಿಂದ ಪರಾಗವೇನೋ ಸಿಗುತ್ತದೆ, ಮಕರಂದ ಸಿಗುವುದಿಲ್ಲ. ಮಕರಂದ ಜೇನಿನ ಹಾರಾಟಕ್ಕೆ, ಪರಾಗ ಮರಿಗಳ ಬೆಳವಣಿಗೆಗೆ, ಎರಡೂ ಬೇಕು. ಹಿಂದೆ ಈ ಕೊರತೆ ಅಷ್ಟು ಬಾಧಿಸುತ್ತಿರಲಿಲ್ಲ, ಯಾಕೆಂದರೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು. ಕೆಲವು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಅಲ್ಲೊಂದು ಇಲ್ಲೊಂದು ಜೋಳ. ಮನೆಗೆ ಬೇಳೆ, ಎಣ್ಣೆ, ಒಗ್ಗರಣೆ ಎಲ್ಲ ಅದರಲ್ಲೇ ಆಗುತ್ತಿತ್ತು. ಸಾಸಿವೆ ಮೊದಲು ಅರಳುತ್ತಿತ್ತು, ದಸರಾ ಹೊತ್ತಿಗೆ ಹುಚ್ಚೆಳ್ಳು ಹೊಲದ ತುಂಬ ಹಳದಿ, ಆಮೇಲೆ ತೊಗರಿ, ಚಳಿಗೆ ಅವರೆ. ಒಂದರ ಬೆನ್ನಿಗೆ ಇನ್ನೊಂದು. ಹುಚ್ಚೆಳ್ಳಿಗೆ ತನ್ನದೇ ಪರಾಗ ಹಿಡಿಯುವುದಿಲ್ಲ, ಬೇರೆ ಗಿಡದ್ದೇ ಬೇಕು. ಜೇನು ಬಾರದಿದ್ದರೆ ಕಾಳು ಜೊಳ್ಳು. ಹೊಲಕ್ಕೂ ಜೇನಿಗೂ ಅಂಥ ಕೊಡುಕೊಳ್ಳುವಿಕೆ ಇತ್ತು. ಈಗ ಬಿತ್ತುವುದೂ ಕೊಯ್ಯುವುದೂ ಯಂತ್ರ. ಅಕ್ಕಡಿ ಹಾಕಿದರೆ ಕಟಾವಿಗೆ ತೊಡಕು ಅಂತ ಬಿಟ್ಟುಬಿಟ್ಟಿದ್ದಾರೆ. ಅವರನ್ನು ನಾನು ದೂರುವುದಿಲ್ಲ, ಕೂಲಿ ಎಷ್ಟಾಗಿದೆ ಅಂತ ನನಗೂ ಗೊತ್ತು. ಆದರೆ ನಿನ್ನ ಹಿತ್ತಲಿಗೆ ಯಂತ್ರ ಬರುವುದಿಲ್ಲವಲ್ಲ. ಕಾಂಪೌಂಡಿನ ಉದ್ದಕ್ಕೆ ಎರಡು ಸಾಲು ಹುಚ್ಚೆಳ್ಳು ಚೆಲ್ಲು. ನೀರು, ಗೊಬ್ಬರ ಏನೂ ಕೇಳದ ಗಿಡ ಅದು. ಜೊತೆಗೆ ನಾಲ್ಕು ತೊಗರಿ, ಬೇಲಿಗೆ ಅವರೆ ಹಬ್ಬಿಸು.

ಇದಲ್ಲದೆ ಅಡುಗೆಮನೆಯ ಗಿಡಗಳೇ ಬಹಳ ಉಪಕಾರ ಮಾಡುತ್ತವೆ. ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ, ಈರುಳ್ಳಿ ಹಾಕಿದಾಗ ಎಲ್ಲವನ್ನೂ ಕಿತ್ತು ಮುಗಿಸಬೇಡ. ಒಂದು ಮೂಲೆಯಲ್ಲಿ ಸ್ವಲ್ಪ ಬಿಡು, ಹೂವಾಗಲಿ. ಬಲಿತ ಕೊತ್ತಂಬರಿಯ ಆ ಸಣ್ಣ ಬಿಳಿ ಹೂವಿಗೆ ಎಷ್ಟು ಬಗೆಯ ಜೇನು ಬರುತ್ತವೆ ಅಂತ ನೋಡಿದರೆ ಆಶ್ಚರ್ಯಪಡುತ್ತೀಯ. ಮುಂದಿನ ಬಿತ್ತನೆಗೆ ಬೀಜವೂ ಮನೆಯದೇ ಆಯಿತು. ತುಳಸಿಯ ಕದಿರನ್ನು ಬಂದ ಹಾಗೆ ಚಿವುಟುವ ಅಭ್ಯಾಸ ನಮ್ಮವರಲ್ಲಿದೆ. ಕಟ್ಟೆಯ ಮೇಲಿನ ತುಳಸಿಯನ್ನು ನಿನ್ನತ್ತೆ ಹೇಳಿದ ಹಾಗೇ ನೋಡಿಕೋ. ಬೇರೆ ಕಡೆ ನಾಲ್ಕೈದು ತುಳಸಿ, ಕಾಮಕಸ್ತೂರಿ ಒಟ್ಟಿಗೆ ನೆಟ್ಟು ಚಿವುಟದೆ ಬಿಡು. ಮಳೆಗಾಲದ ಕೊರತೆಗೆ ಇವೇ ಆಸರೆ. ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ ಇದ್ದರೆ ವರ್ಷದ ನಡುವಿನ ತೆರಪುಗಳು ತುಂಬುತ್ತವೆ. ಗುಲಾಬಿ ಬಣ್ಣದ ಗೊಂಚಲು ಬಿಡುವ ಆಂಟಿಗೋನಾನ್ ಬಳ್ಳಿಯನ್ನು ಗೇಟಿನ ಮೇಲೆ ಹಬ್ಬಿಸಬಹುದು, ಜೇನಿಗೆ ಅದು ಪ್ರಾಣ. ಆದರೆ ಬಿಟ್ಟರೆ ಊರೆಲ್ಲ ಹಬ್ಬುವ ಬಳ್ಳಿ, ಕತ್ತರಿ ಕೈಯಲ್ಲಿರಲಿ. ಕುಂಡದಲ್ಲಿ ಹತ್ತು ಗಂಟೆಗೆ ಅರಳುವ ಟೇಬಲ್ ರೋಸ್ ಇದೆಯಲ್ಲ, ಅದರಲ್ಲಿ ಒಂದು ಸುತ್ತು ದಳದ್ದೇ ನೋಡಿ ತಾ. ತಾನೇ ಹುಟ್ಟುವ ತುಂಬೆ ಗಿಡವನ್ನು ಕಳೆ ಅಂತ ಕೀಳಬೇಡ.

ಒಂದೊಂದು ಗಿಡವನ್ನು ಒಂದೊಂದು ಮೂಲೆಗೆ ಹಾಕುವುದಕ್ಕಿಂತ ಒಂದೇ ಜಾತಿಯದನ್ನು ಗುಂಪಾಗಿ ಹಾಕು. ಜೇನು ಒಂದು ಸಲ ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ಅದರಿಂದಲೇ ಕುಂಬಳದ ಪರಾಗ ಕುಂಬಳಕ್ಕೇ ಸೇರುವುದು. ಒಳ್ಳೆಯ ಗುಂಪು ಸಿಕ್ಕಿದರೆ ಗೂಡಿಗೆ ಹೋಗಿ ಎರಿಯ ಮೇಲೆ ಕುಣಿದು, ಯಾವ ದಿಕ್ಕು, ಎಷ್ಟು ದೂರ ಅಂತ ಉಳಿದವಕ್ಕೆ ತಿಳಿಸುತ್ತದೆ. ಆ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಷ್ ಎಂಬ ವಿಜ್ಞಾನಿಗೆ 1973ರಲ್ಲಿ ನೊಬೆಲ್ ಬಂತು. ಜೇನಿಗೆ ಕೆಂಪು ಬಣ್ಣ ಗೊತ್ತಾಗುವುದಿಲ್ಲ ಎಂದು ತೋರಿಸಿದವರೂ ಅವರೇ. ಹಳದಿ, ನೀಲಿ, ನೇರಳೆ ಅದಕ್ಕೆ ಚೆನ್ನಾಗಿ ಕಾಣುತ್ತವೆ. ಕೆಂಪು ದಾಸವಾಳ ಇರಲಿ, ದೇವರಿಗಾಯಿತು, ಸೂರಕ್ಕಿಗಾಯಿತು.

ಬದನೆ, ಟೊಮೆಟೊ ಹಾಕಿದ್ದೀಯಲ್ಲ, ಅವುಗಳ ಹೂವನ್ನು ಹತ್ತಿರದಿಂದ ನೋಡು. ಪರಾಗ ಹೊರಗೆ ಕಾಣುವುದೇ ಇಲ್ಲ. ಹಳದಿ ಕೇಸರದ ಕೊಳವೆಯೊಳಗೆ ಇರುತ್ತದೆ. ಬದನೆಯಲ್ಲಿ ಅದರ ತುದಿಗೆ ಸೂಜಿಮೊನೆಯಷ್ಟು ರಂಧ್ರ. ತುಡುವೆಗೆ ಅದನ್ನು ಬಿಡಿಸಲು ಬರುವುದಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟಿಗಳಿರುವ ಒಂಟಿ ಜೇನೊಂದಿದೆ. ಅದು ಬಂದು ಹೂವನ್ನು ಬಾಚಿ ಹಿಡಿದು, ರೆಕ್ಕೆ ಬಿಚ್ಚದೆ ಮೈಯನ್ನೇ ಜೋರಾಗಿ ಅದುರಿಸುತ್ತದೆ. ಝುಂಯ್ ಅನ್ನುವ ಸದ್ದು ಮಾರು ದೂರಕ್ಕೆ ಕೇಳುತ್ತದೆ. ಒಳಗಿನ ಪರಾಗ ಉದುರಿ ಅದರ ಎದೆಗೆ ಬೀಳುತ್ತದೆ. ಕರಿದುಂಬಿಯೂ ಹೀಗೆ ಮಾಡಬಲ್ಲದು. ಈ ಒಂಟಿ ಜೇನುಗಳು ಮಣ್ಣಿನಲ್ಲಿ, ಮಣ್ಣುಗೋಡೆಯಲ್ಲಿ ಬಿಲ ಮಾಡಿಕೊಂಡು ಮೊಟ್ಟೆಯಿಡುತ್ತವೆ, ದುಂಬಿ ಒಣಗಿದ ಮರ, ಬಿದಿರು ಕೊರೆಯುತ್ತದೆ. ಹಿತ್ತಲಿಗೆಲ್ಲ ಸಿಮೆಂಟು ಹಾಕಿಸುತ್ತೇವೆ ಅಂತ ನಿಮ್ಮೆಜಮಾನರು ಹೇಳುತ್ತಿದ್ದರಂತೆ. ನಾನು ಹೇಳಿದೆ ಅಂತ ಹೇಳು, ಬಟ್ಟೆ ಒಗೆಯುವ ಕಲ್ಲಿನ ಸುತ್ತ ಹಾಕಿಸಲಿ, ಉಳಿದದ್ದು ಮಣ್ಣೇ ಇರಲಿ. ಗುಲಾಬಿ ಎಲೆಯ ಅಂಚನ್ನು ಯಾರೋ ಗುಂಡಗೆ ಕತ್ತರಿಸಿದ ಹಾಗೆ ಕಂಡರೆ ಹೆದರಬೇಡ. ಎಲೆಕತ್ತರಿ ಜೇನು ತನ್ನ ಗೂಡಿಗೆ ಒಯ್ದಿರುತ್ತದೆ. ತೊಗರಿ ಹೂವಿಗೆ ಬರುವುದೂ ಅದೇ. ಗಿಡಕ್ಕೆ ಅದರಿಂದ ತೊಂದರೆಯಿಲ್ಲ.

ಇನ್ನು ಔಷಧಿಯ ವಿಷಯ. ಇದನ್ನು ನಾನು ಗಟ್ಟಿಯಾಗಿಯೇ ಹೇಳಬೇಕು. ಶಿಡ್ಲಘಟ್ಟ ಕಡೆ ರೇಷ್ಮೆ ಹುಳು ಸಾಕಿದ ಮನೆಯಲ್ಲಿ ಬೆಳೆದವಳು ನೀನು. ಪಕ್ಕದ ಹೊಲದವರು ತರಕಾರಿಗೆ ಔಷಧಿ ಹೊಡೆದ ಗಾಳಿ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ನಾಲ್ಕನೇ ಸಲ ಪೊರೆ ಕಳಚಿ ಜ್ವರ ಎದ್ದ ಹುಳು ಏನಾಗುತ್ತದೆ ಅಂತ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೊಪ್ಪಿನ ವಿಷಯದಲ್ಲಿ ನಿಮ್ಮಪ್ಪ ತೋರಿಸುತ್ತಿದ್ದ ಆ ಎಚ್ಚರವನ್ನೇ ಹೂವಿನ ವಿಷಯದಲ್ಲೂ ತೋರಿಸು. ಇಮಿಡಾಕ್ಲೋಪ್ರಿಡ್‌ನಂಥ ಔಷಧಿಗಳು ಗಿಡದ ರಸದೊಳಗೆ ಸೇರಿ ಮಕರಂದ, ಪರಾಗದವರೆಗೂ ಹೋಗುತ್ತವೆ. ಮೇಲೆ ತೊಳೆದರೆ ಹೋಗುವಂಥದ್ದಲ್ಲ. ಯುರೋಪ್ ಒಕ್ಕೂಟದವರು ಜೇನಿಗಾಗಿಯೇ ಈ ಬಗೆಯ ಮೂರು ಔಷಧಿಗಳನ್ನು ಬಯಲಿನಲ್ಲಿ ಬಳಸುವುದನ್ನು 2018ರಲ್ಲಿ ನಿಲ್ಲಿಸಿದರು. ಅವರೆಗೆ ಹೇನು ಕೂತರೆ ನೀರು ಜೋರಾಗಿ ಹಾಯಿಸಿ ಉದುರಿಸು. ಬೇಕೇ ಬೇಕಾದರೆ ಬೇವಿನೆಣ್ಣೆಗೆ ಸ್ವಲ್ಪ ಸೋಪು ಬೆರೆಸಿ, ಸೂರ್ಯ ಮುಳುಗಿ ಜೇನು ಗೂಡು ಸೇರಿದ ಮೇಲೆ, ಹೂವಿಗೆ ತಾಗದ ಹಾಗೆ ಸಿಂಪಡಿಸು. ಬೆಳಗಿನ ಹೊತ್ತು ಮಾತ್ರ ಬೇಡವೇ ಬೇಡ.

ಬೇಸಿಗೆಯಲ್ಲಿ ನೀರಿಡು. ಅಗಲದ ಮಣ್ಣಿನ ತಟ್ಟೆ, ಅದರಲ್ಲಿ ಬೆಣಚುಕಲ್ಲು, ಕಲ್ಲಿನ ತಲೆ ನೀರಿನ ಮೇಲಿರಲಿ. ತೊಟ್ಟಿಯಲ್ಲಾದರೆ ಬಿದ್ದು ಸಾಯುತ್ತವೆ. ಜಾಗ ಬದಲಿಸಬೇಡ, ಒಮ್ಮೆ ಗುರುತಾದರೆ ಅಲ್ಲಿಗೇ ಬರುತ್ತವೆ.

ಜೇನಿಗೆ ಒಳ್ಳೆಯದು ಅಂತ ಯಾರಾದರೂ ನೀಲಗಿರಿ ನೆಡಲು ಹೇಳಿದರೆ ಕೇಳಬೇಡ. ಅದಕ್ಕೆ ಜೇನು ಬರುವುದು ನಿಜ. ಆದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ನೆಲ ಅದರಿಂದ ಪಟ್ಟ ಪಾಡು ಸಾಕು. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡಬಾರದು ಅಂದಿದೆ. ರಸ್ತೆಬದಿಯಲ್ಲಿ ಕಿತ್ತಳೆಗೆಂಪು ಹೂವು ಬಿಡುವ ನೀರುಕಾಯಿ ಮರವೂ ಬೇಡ. ಅದರ ಹೂವಿನೊಳಗೆ ಮಿಸರಿ ಜೇನುಗಳು ಸತ್ತು ಬಿದ್ದಿರುತ್ತವೆ.

ಮಗುವಿಗೆ ಕಚ್ಚೀತು ಅನ್ನುವ ಭಯ ಸಹಜ. ಹೂವಿನ ಮೇಲಿರುವ ಜೇನು ಕೈಯಲ್ಲಿ ಅದುಮಿದರೆ, ಕಾಲಲ್ಲಿ ತುಳಿದರೆ ಮಾತ್ರ ಕುಟುಕುತ್ತದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸು, ಕೈ ಹಾಕಬೇಡ ಅನ್ನು, ಅರ್ಥ ಮಾಡಿಕೊಳ್ಳುತ್ತದೆ. ಹೆಜ್ಜೇನಿನ ಗೂಡಿನ ಮಾತು ಬೇರೆ. ಅದರ ಹತ್ತಿರ ಹೊಗೆ, ಕಲ್ಲು, ಗಲಾಟೆ ಯಾವುದೂ ಬೇಡ. ಓಡಾಡುವ ಕಡೆ ಕಟ್ಟಿದ್ದರೆ ಗೊತ್ತಿದ್ದವರನ್ನೇ ಕರೆಸಬೇಕು. ಕುಟುಕಿದ ಮೇಲೆ ಉಸಿರು ಕಟ್ಟಿದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪೆಟ್ಟಿಗೆ ತರಲಾ ಅಂತಲೂ ಕೇಳಿದೆ. ಈಗಲೇ ಬೇಡ. ಮೊದಲು ಒಂದು ವರ್ಷ ಹೂವು ನಿಲ್ಲದ ಹಾಗೆ ಮಾಡು, ಬರುವ ಜೇನು ಬರಲಿ. ಆಮೇಲೂ ಆಸೆಯಿದ್ದರೆ ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ, ಬೆಂಗಳೂರಿನ ಜಿಕೆವಿಕೆಯ ಜೇನು ಕೃಷಿ ವಿಭಾಗದಲ್ಲೋ ವಿಚಾರಿಸಿ, ಕಲಿತುಕೊಂಡು ತಾ. ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನವನ್ನೂ ಕೇಳಿ ನೋಡು.

ಪಕ್ಕದ ತೋಟದವರ ಜೊತೆ ಒಂದು ಮಾತಾಡಿಕೋ. ಅವರು ಟೊಮೆಟೊಗೆ ಔಷಧಿ ಹೊಡೆಯುವುದನ್ನು ನೀನು ನಿಲ್ಲಿಸಲಾರೆ. ಬೆಳಗ್ಗೆ ಹೊಡೆಯುವ ಬದಲು ಸಂಜೆ ಹೊಡೆಯಿರಿ ಅಂತ ಕೇಳಬಹುದು, ಕಾಯಿ ಕಚ್ಚಿದರೆ ಅವರಿಗೂ ಲಾಭವೇ ತಾನೆ. ಹುಚ್ಚೆಳ್ಳು ಬೀಜಕ್ಕೆ ಅಂಗಡಿ ಹುಡುಕಬೇಡ. ನಮ್ಮಲ್ಲಿ ಒಂದು ಪಾವು ತೆಗೆದಿಟ್ಟಿದ್ದೇನೆ. ಮಳೆ ಹದವಾದ ಮೇಲೆ ಬಂದು ಒಯ್ಯಿ, ಮರಳಿನಲ್ಲಿ ಬೆರೆಸಿ ಚೆಲ್ಲಿದರೆ ಎರಡು ಸಾಲಿಗೆ ಒಂದು ಹಿಡಿ ಸಾಕು, ಮಿಕ್ಕಿದ್ದನ್ನು ಆ ತೋಟದವರಿಗೆ ಬದುವಿಗೆ ಹಾಕಲು ಕೊಡು.